ನಿದ್ದೆಗಣ್ಣಿನವನೂ ನನ್ನ ಚಾಕುವೂ

ನಾನು ಮದುವೆಯಾಗಲು ಒಲ್ಲೆ ಎಂದ ಗಂಡಸೊಬ್ಬ ಈಗ ನನ್ನ ಕೈಯಿಂದ ಚಾಕು ಕಸಿದುಕೊಳ್ಳುವುದನ್ನೇ ಉದ್ಯೋಗ ಮಾಡಿಕೊಂಡಿದ್ದಾನೆ! ಗಾಬರಿಯಾಗಬೇಡಿ. ನಾನು ಸರ್ಜನ್, ಚಾಕು ಹಿಡಿಯುವುದು ನನ್ನ ಹೊಟ್ಟೆಪಾಡು. ಅವನು ರೇಡಿಯಾಲಜಿಸ್ಟ್. ಕತ್ತಲೆ ಕೋಣೆಯಲ್ಲಿ ಕುಳಿತು ಜನರ ಒಳಗಿನ ಚಿತ್ರ ನೋಡುವುದು ತನ್ನ ಕೆಲಸ ಎಂದು ಅವನು ಹೇಳುತ್ತಾನೆ. ನೋಡುತ್ತಾನೋ ನಿದ್ದೆ ಮಾಡುತ್ತಾನೋ ಎಂಬುದು ನಮ್ಮ ಆಸ್ಪತ್ರೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.

ಅವನು ನನ್ನ ಸೋದರಮಾವನ ಮಗ. ನನ್ನ ತವರು ಜೇವರ್ಗಿ ತಾಲ್ಲೂಕಿನ ನೆಲೋಗಿ, ಅವನದು ಆಳಂದ ಕಡೆಯ ನಿಂಬರ್ಗಾ. ನಮ್ಮ ಕಡೆ ಮಾವನ ಮಗನೆಂದರೆ ತೊಟ್ಟಿಲಲ್ಲಿರುವಾಗಲೇ ಗೊತ್ತುಮಾಡಿಟ್ಟ ಗಂಡ. ಇಬ್ಬರ ಓದೂ ಮುಗಿಯಿತು ಎನ್ನುವಾಗ ಹಿರಿಯರು ಶಾಸ್ತ್ರಕ್ಕೆಂದು ಹೆಣ್ಣು ನೋಡುವ ಏರ್ಪಾಡು ಮಾಡಿದರು. ಹುಟ್ಟಿದಾಗಿನಿಂದ ನೋಡಿದ ಹೆಣ್ಣನ್ನು ಮತ್ತೇನು ನೋಡುವುದು? ಆದರೂ ನಾನು ಸೀರೆ ಉಟ್ಟು ಮಂಡಕ್ಕಿಯ ಸುಸಲಾ ತಂದಿಟ್ಟೆ. ಆಸಾಮಿ ನನ್ನ ಮುಖ ನೋಡಲಿಲ್ಲ. ನನ್ನ ತಲೆಯ ಮೇಲಿಂದ ಹಿಂದಿನ ಗೋಡೆ ನೋಡುತ್ತಿದ್ದ. ಮಳೆನೀರು ಇಳಿದು ಅಲ್ಲೊಂದು ಕಲೆಯಾಗಿತ್ತು. "ಆ ಕಲಿ ನೋಡು. ಎಡಕ್ಕ ದಪ್ಪ, ಬಲಕ್ಕ ತೆಳ್ಳಗ. ಥೇಟ್ ಲಿವರ್ ಇದ್ದಂಗ ಅದ" ಎಂದ. ಆ ದಿನ ಅವನು ಆಡಿದ್ದು ಅಷ್ಟೇ. ಇಂಥವನ ಜೊತೆ ಸಂಸಾರ ಮಾಡುವುದುಂಟೇ? ನಾನು ಒಲ್ಲೆ ಎಂದೆ.

ಅವನಿಗೆ ಇದರಿಂದ ಏನೂ ಅನ್ನಿಸಲಿಲ್ಲ; ಸುಸಲಾ ಇನ್ನಷ್ಟು ಹಾಕಿಸಿಕೊಂಡ. ಬೇಜಾರಾದದ್ದು ಅವನ ತಾಯಿಗೆ, ಅಂದರೆ ನಮ್ಮ ಅತ್ತೆಗೆ. "ನನ್ನ ಮಗ ಗ್ವಾಡಿ ನೋಡಿದ್ರ ಏನಾತ? ಮದ್ವಿ ಆದಮ್ಯಾಲ ನಿನ್ನ ನೋಡ್ತಿದ್ದ!" ಎಂದು ಇಡೀ ಓಣಿಗೆ ಕೇಳುವಂತೆ ಜಗಳ ತೆಗೆದಳು. ನನಗೆ ಬೇರೆ ಗಂಡ ಸಿಕ್ಕ, ಅವನಿಗೆ ತನ್ನನ್ನು ಎಬ್ಬಿಸುವ ತಾಳ್ಮೆಯಿರುವ ಹೆಂಡತಿ ಸಿಕ್ಕಳು. ಅತ್ತೆ ಮಾತ್ರ ಇವತ್ತಿಗೂ ನನ್ನನ್ನು ಸೊಸಿ ಎಂದೇ ಕರೆಯುತ್ತಾಳೆ.

ಅವನ ಕಪ್ಪು ಕನ್ನಡಕದ ಕಥೆ ಹೇಳಲೇಬೇಕು. ಕತ್ತಲೆಗೆ ಹೊಂದಿಕೊಂಡ ಕಣ್ಣು ಬೆಳಕಿಗೆ ಬಂದರೆ ಕೆಡುತ್ತದೆ ಎಂಬುದು ಅವನ ವಾದ. ಅದಕ್ಕೆ ಕೋಣೆಯಿಂದ ಆಚೆ ಕಾಲಿಟ್ಟರೆ ಕನ್ನಡಕ, ಊಟದ ಪಂಕ್ತಿಯಲ್ಲೂ ಕನ್ನಡಕ! ನನ್ನ ತಮ್ಮನ ಮದುವೆಗೆಂದು ನೆಲೋಗಿಗೆ ಬರುವಾಗ ಜೇವರ್ಗಿ ಬಸ್‌ಸ್ಟ್ಯಾಂಡಿನಲ್ಲಿ ಹಿರಿಯರೊಬ್ಬರು ಇವನ ಮೊಣಕೈ ಹಿಡಿದು ಬಸ್ಸು ಹತ್ತಿಸಿದರಂತೆ. ಕಂಡಕ್ಟರು ಯಾರನ್ನೋ ಎಬ್ಬಿಸಿ ಮುಂದಿನ ಸೀಟು ಕೊಡಿಸಿದನಂತೆ. ಇಳಿಯುವಾಗಲೂ ಅದೇ ಹಿರಿಯರು ಕೈಹಿಡಿದು ಇಳಿಸಿ, "ಹುಷಾರ್ ಹೋಗ್ರಿ, ಎಡಕ್ಕ ಗಟಾರ ಅದ" ಎಂದರಂತೆ.

"ನಿನಗ ಕಣ್ಣು ಕಾಣ್ತಾವ ಅಂತ ಹೇಳಾಕ ಏನಾಗಿತ್ತು ಧಾಡಿ?" ಎಂದು ನಾನು ರೇಗಿದೆ.

"ಪಾಪ, ಅಷ್ಟು ಪ್ರೀತೀಲೆ ಹಿಡಕೊಂಡಿದ್ರು. ಅವರಿಗೆ ಬ್ಯಾಸರ ಆಗಬಾರದಂತ ಸುಮ್ಮ ಕುಂತೆ" ಎಂದ. ಅಷ್ಟೆಲ್ಲ ಹೇಳಿಸಿಕೊಂಡೂ ಗಟಾರದಲ್ಲಿ ಕಾಲಿಟ್ಟೇ ಮದುವೆ ಮನೆಗೆ ಬಂದಿದ್ದ!

ಕನ್ನಡಕವನ್ನಾದರೂ ಸಹಿಸಬಹುದು. ಹೆಸರಿನ ವಿಷಯದಲ್ಲಿ ಅವನದೊಂದು ಹಟವಿದೆ. ಸ್ಕ್ಯಾನಿನ ಚಿತ್ರ ಮೂಡುವ ಪರದೆಯ ಮೂಲೆಯಲ್ಲಿ ರೋಗಿಯ ಹೆಸರು ಬರುತ್ತದಲ್ಲ, ಆ ಜಾಗಕ್ಕೆ ಗಾಯಕ್ಕೆ ಹಚ್ಚುವ ಬಿಳಿ ಪ್ಲಾಸ್ಟರಿನ ತುಂಡು ಅಂಟಿಸಿಬಿಟ್ಟಿದ್ದಾನೆ. ಯಾರ ಚಿತ್ರ ಎಂಬುದನ್ನು ತಾಳೆ ನೋಡುವುದು ಟೆಕ್ನಿಷಿಯನ್ ಕೆಲಸ. ಇವನು ಹೆಸರು ಕೇಳುವುದೂ ಇಲ್ಲ, ಮುಖ ನೋಡುವುದೂ ಇಲ್ಲ. "ಯಾರಂತ ಮೊದಲ ಗೊತ್ತಾದ್ರ ಕಣ್ಣು ನೋಡೂದು ಬಿಡತದ. ಮನಸು ಹೇಳಿದ್ದಷ್ಟ ಕಾಣತದ" ಎನ್ನುತ್ತಾನೆ. ಒಮ್ಮೆ ಆಸ್ಪತ್ರೆಯ ಯಜಮಾನರೇ ಹೊಟ್ಟೆನೋವೆಂದು ಸ್ಕ್ಯಾನ್ ಮಾಡಿಸಿಕೊಂಡು, ಏನಿದೆ ನೋಡೋಣವೆಂದು ಇವನ ಕುರ್ಚಿಯ ಹಿಂದೆ ಬಂದು ನಿಂತರು. ಇವನು ತಿರುಗಿಯೂ ನೋಡದೆ, "ಈ ಮನಷ್ಯಾ ಬಾಳ ತಿಂತಾನ. ಲಿವರ್ ತುಂಬ ಕೊಬ್ಬು ಅದ. ದುಡಿಯೂದು ಬಿಲ್ಕುಲ್ ಇಲ್ಲ" ಎಂದುಬಿಟ್ಟ! ಯಜಮಾನರು ಈಗ ದಿನಾ ಬೆಳಿಗ್ಗೆ ವಾಕಿಂಗ್ ಹೋಗುತ್ತಾರೆ. ಇವನ ಕೋಣೆಯ ಕಡೆ ಮಾತ್ರ ಹೋಗುವುದಿಲ್ಲ.

ಆ ಕೋಣೆಯೇ ಒಂದು ಮಾಯೆ ಎನ್ನಿ. ನಾನು ಹೊರಗಿನ ಗದ್ದಲವನ್ನೆಲ್ಲ ಮೈಗೆ ಮೆತ್ತಿಕೊಂಡು ಬಾಗಿಲು ತಳ್ಳಿದರೆ ಒಳಗೆ ತಣ್ಣಗಿನ ಕತ್ತಲೆ, ಎಲ್ಲಿಂದಲೋ ಬರುವ ಯಂತ್ರದ ಸಣ್ಣ ಗುನುಗು. ಪರದೆಯ ಮೇಲೆ ಯಾರದೋ ಹೊಟ್ಟೆ ಪದರಪದರವಾಗಿ ಮೂಡಿ ಕರಗುತ್ತಿರುತ್ತದೆ. ಬೂದುಬಣ್ಣದ ಲಿವರ್ ಮೆಲ್ಲಗೆ ಅಗಲವಾಗುತ್ತ ಬಂದು, ಮೆಲ್ಲಗೆ ಕಿರಿದಾಗುತ್ತ ಮಾಯವಾಗುತ್ತದೆ. ನೋಡುತ್ತ ನಿಂತರೆ ಯಾತಕ್ಕೆ ಬಂದೆನೆಂಬುದೇ ಮರೆಯುತ್ತದೆ. ಕುರ್ಚಿಯಲ್ಲಿ ಅವನು ಅರೆಗಣ್ಣಲ್ಲಿ ಕುಳಿತಿರುತ್ತಾನೆ. ನಿದ್ದೆಯೋ ಎಚ್ಚರವೋ ಎಂದು ನಾನು ಬಗ್ಗಿ ನೋಡುವಷ್ಟರಲ್ಲಿ, ಕಣ್ಣು ತೆರೆಯದೆ ತನ್ನ ಕನಸು ಹೇಳತೊಡಗುತ್ತಾನೆ.

ಅವನಿಗೆ ಬೀಳುವುದು ಒಂದೇ ಕನಸು. ಹುಡುಗನಾಗಿದ್ದಾಗ ನಿಂಬರ್ಗಾದ ಹೊಲದಲ್ಲಿ ಉಳ್ಳಾಗಡ್ಡಿ ಮಡಿಗಳಿಗೆ ಬಾವಿಯ ನೀರು ತಿರುವುವ ಕೆಲಸ ಇವನಿಗೆ ಬೀಳುತ್ತಿತ್ತಂತೆ. ಇವನು ಬದುವಿನ ಮೇಲೆ ಹಾಗೇ ನಿದ್ದೆ ಹೋಗಿ, ಒಡ್ಡು ಒಡೆದು, ನೀರೆಲ್ಲ ಪಕ್ಕದವರ ಹೊಲಕ್ಕೆ ಹರಿದು, ಅತ್ತೆ ಬಂದು ಬೆನ್ನಿಗೆ ಬಾರಿಸುತ್ತಿದ್ದಳಂತೆ. ಈಗ ಕನಸಿನಲ್ಲಿ ಇವನು ಬರಿಗಾಲಲ್ಲಿ ಬೆಚ್ಚನೆಯ ಕೆಂಪು ನೀರಿನ ಕಾಲುವೆಯಲ್ಲಿ ನಡೆಯುತ್ತಾನೆ. ಹೆಗಲ ಮೇಲೆ ಸಲಿಕೆ. ಕಾಲುವೆ ಕವಲಾಗುತ್ತದೆ, ಕವಲು ಮತ್ತೆ ಕವಲಾಗುತ್ತದೆ. ಕಟ್ಟಕಡೆಯ ಸಣ್ಣ ಕವಲಿನಲ್ಲಿ ಒಡ್ಡು ಒಡೆದಿರುತ್ತದೆ. ಒಂದು ಸಲಿಕೆ ಮಣ್ಣು ಹಾಕಿ ಅದೊಂದನ್ನೇ ಮುಚ್ಚಿ, ಉಳಿದ ಮಡಿಗಳಿಗೆಲ್ಲ ನೀರು ಹೋಗುವುದನ್ನು ನೋಡುತ್ತ ನಿಲ್ಲುತ್ತಾನೆ.

"ಆಮ್ಯಾಲ?"

"ಆಮ್ಯಾಲ ಏನಿಲ್ಲ. ಮಣ್ಣು ಬಾಳ ಛಲೋ ಇತ್ತು."

ಇದನ್ನು ಕೇಳಿ ನೀವು ನಗಬಹುದು. ನಾನು ನಗುವುದನ್ನು ಬಿಟ್ಟಿದ್ದೇನೆ, ಏಕೆಂದರೆ ಅವನ ಕೆಲಸವೂ ಅದೇ. ಪುಸ್ತಕದವರು ಯಕೃತ್ತು ಎನ್ನುವ ಈ ಲಿವರ್ ಬಲಪಕ್ಕೆಯ ಕೆಳಗೆ ರಕ್ತ ತುಂಬಿಕೊಂಡು ಕುಳಿತ ಮೆತ್ತನೆಯ ವಸ್ತು. ಬೈಕಿನ ಹ್ಯಾಂಡಲ್ ತಿವಿದರೂ, ಎತ್ತು ಒದ್ದರೂ, ಟ್ರ್ಯಾಕ್ಟರಿನಿಂದ ಬಿದ್ದರೂ ಸೀಳುತ್ತದೆ. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ರಸ್ತೆಗಳಲ್ಲಿ ಬಿದ್ದವರು ಎದ್ದವರು ಎಲ್ಲ ಕಲಬುರಗಿಯ ನಮ್ಮ ಆಸ್ಪತ್ರೆಗೇ ಬರುತ್ತಾರೆ. ಸೀಳಿದ್ದನ್ನು ಕಂಡರೆ ಸರ್ಜನ್ನರ ಕೈ ತುರಿಸುತ್ತದೆ. ಆದರೆ ಎಷ್ಟೋ ಲಿವರ್‌ಗಳು ತಾವೇ ಹೆಪ್ಪುಗಟ್ಟಿ ರಕ್ತ ನಿಲ್ಲಿಸಿಕೊಳ್ಳುತ್ತವೆ. ನಾವು ಅವಸರಪಟ್ಟು ಹೊಟ್ಟೆ ತೆರೆದರೆ ಆ ಹೆಪ್ಪು ಕಿತ್ತು ಮತ್ತೆ ಹರಿಯುತ್ತದೆ. ಅದಕ್ಕೇ ನಮ್ಮಿಬ್ಬರ ನಡುವೆ ಒಂದು ಕರಾರು. "ಬಿ.ಪಿ. ನಿಂತ್ರ ನನ್ನ ರಾಜ್ಯ, ಬಿದ್ರ ನಿನ್ನ ರಾಜ್ಯ" ಎನ್ನುತ್ತಾನೆ ಅವನು. ಬಿ.ಪಿ. ಕುಸಿಯದೆ ನಿಂತರೆ ಸ್ಕ್ಯಾನು. ಸ್ಕ್ಯಾನಿನಲ್ಲಿ ಯಾವುದೋ ಸಣ್ಣ ರಕ್ತನಾಳ ಸೋರುವುದು ಕಂಡರೆ, ಮಣಿಕಟ್ಟಿನಿಂದ ಕೂದಲಿನಂಥ ನಳಿಗೆ ತೂರಿಸಿ ಲಿವರಿನ ಆ ಕವಲಿನವರೆಗೂ ಹೋಗಿ ಅದೊಂದನ್ನೇ ಮುಚ್ಚಿ ಬರುತ್ತಾನೆ. ಅಷ್ಟು ಹೊತ್ತೂ ನಾನು ಗೌನು ಗ್ಲೌಸು ತೊಟ್ಟು, ಚಾಕು ಜೋಡಿಸಿಕೊಂಡು ಪಕ್ಕದಲ್ಲಿ ನಿಂತಿರುತ್ತೇನೆ. ಬಿ.ಪಿ. ಕುಸಿದು ಮೇಲೇಳದಿದ್ದರೆ ಅವನು ಒಂದೂ ಮಾತಾಡದೆ ಪಕ್ಕಕ್ಕೆ ಸರಿಯುತ್ತಾನೆ. ಅಂಥ ದಿನಗಳೂ ಬಂದಿವೆ. ಆಗ ಅವನು ಚಿತ್ರದಲ್ಲಿ ಬೆರಳಿಟ್ಟು ತೋರಿಸಿದ ಜಾಗಕ್ಕೇ ನನ್ನ ಕೈ ಹೋಗಿದೆ.

ಇದನ್ನೆಲ್ಲ ಜನರಿಗೆ ತಿಳಿಸಿ ಹೇಳುವುದೇ ದೊಡ್ಡ ಸಂಕಟ! ಅಫಜಲಪುರದ ಕಡೆಯ ಒಬ್ಬಾತ ಕಬ್ಬಿನ ಟ್ರ್ಯಾಕ್ಟರಿನಿಂದ ಬಿದ್ದು ಬಂದಿದ್ದ. ರಕ್ತ ತಾನೇ ನಿಂತಿತ್ತು. "ಆಪರೇಷನ್ ಬೇಡ, ಅಲುಗಾಡದೆ ಮಲಗಿರಲಿ, ಅದೇ ಚಿಕಿತ್ಸೆ" ಎಂದು ನಾನು ಹೇಳಿದೆ. ನಮ್ಮ ಕಡೆ ಡಾಕ್ಟರು ಕೊಯ್ಯುವುದಿಲ್ಲ ಎಂದರೆ ಕೈಬಿಟ್ಟರು ಎಂದೇ ಅರ್ಥ. ಅವನ ಕಾಕಾ ಹೊರಗೆ ಹೋಗಿ ಊರಿಗೆ ಫೋನ್ ಹಚ್ಚಿದ. ಮಧ್ಯಾಹ್ನದೊಳಗೆ ಒಂದು ಟೆಂಪೊ ತುಂಬ ನೆಂಟರು ಬಾಯಿ ಬಡಿದುಕೊಳ್ಳುತ್ತ ಇಳಿದರು. ಒಳಗೆ ನೋಡಿದರೆ ರೋಗಿ ಹಸಿವೆಯೆಂದು ನರ್ಸಿನ ಜೊತೆ ಜಗಳಕ್ಕೆ ನಿಂತಿದ್ದಾನೆ!

"ಕೊಯ್ಯಲಿಲ್ಲಂದ್ರ ಎಂಥಾ ಡಾಕ್ಟರ್ರಿ ನೀವು?" ಎಂದು ಕಾಕಾ ನನ್ನನ್ನೇ ತರಾಟೆಗೆ ತೆಗೆದುಕೊಂಡ. "ಹೊಟ್ಟಿ ಮ್ಯಾಲ ಒಂದು ಹೊಲಿಗಿನೂ ಇಲ್ಲ. ಊರಾಗ ಏನಂತ ತೋರಸೂಣ್ರಿ?"

ನನ್ನ ಸಿಟ್ಟು ನೆತ್ತಿಗೇರಿತ್ತು. ಅಷ್ಟರಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಗೋಡೆ ಸವರುತ್ತ ಬಂದ ನಮ್ಮ ಮಹಾಶಯ, ಕಾಕಾನ ಹೆಗಲ ಮೇಲೆ ಕೈಯಿಟ್ಟು, "ನಿಮ್ಮ ಹುಡುಗನ ಲಿವರ್ ಭಾರೀ ಶಾಣ್ಯಾ ಅದ ರೀ. ತನ್ನ ಹೊಲಿಗಿ ತಾನ ಹಾಕ್ಕೊಂಡದ. ಊರಾಗ ಹಂಗ ಹೇಳ್ರಿ" ಎಂದ. ಕಾಕಾನ ಮುಖ ಅರಳಿತು. ಟೆಂಪೊದವರೆಲ್ಲ ಅದನ್ನೇ ಹೇಳಿಕೊಳ್ಳುತ್ತ ಅಫಜಲಪುರಕ್ಕೆ ಹೋದರು. ನನ್ನ ಹೆಸರನ್ನು ಯಾರೂ ಎತ್ತಲಿಲ್ಲ.

ಹೀಗೆ ನಗುತ್ತ ಬಯ್ಯುತ್ತ ನಡೆದಿತ್ತು. ಕಳೆದ ತೊಗರಿ ರಾಶಿಯ ಹೊತ್ತಿಗೆ, ಒಂದು ಮಧ್ಯಾಹ್ನ ಆಳಂದ ರಸ್ತೆಯಲ್ಲಿ ಟಂಟಂ ಆಟೊ ಪಲ್ಟಿಯಾಯಿತು ಎಂದು ಸುದ್ದಿ ಬಂತು. ಹಿಂದೆ ಕುಳಿತವರಿಗೆ ತರಚು ಗಾಯ. ಮುಂದೆ, ಡ್ರೈವರನ ಪಕ್ಕ ಕುಳಿತಿದ್ದ ಒಬ್ಬ ಮುದುಕಿಯ ಬಲಪಕ್ಕೆಗೆ ಕಬ್ಬಿಣದ ಸರಳು ಬಡಿದಿತ್ತು. ಸ್ಟ್ರೆಚರಿನ ಮೇಲಿನ ಮುಖ ನೋಡಿದೆ. ಅತ್ತೆ!

ಮಗನಿಗೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೊರಟವಳು. ಮುಖ ಬಿಳಿಚಿಕೊಂಡಿತ್ತು, ಹಣೆಯ ವಿಭೂತಿಯ ಮೇಲೆ ಬೆವರು. ಬಿ.ಪಿ. ಕೆಳಗಿತ್ತು. ಸಲೈನು, ರಕ್ತ ಹತ್ತಿಸಿದ ಮೇಲೆ ಮೆಲ್ಲಗೆ ಏರಿ ಒಂದು ಕಡೆ ನಿಂತಿತು. ನಿಂತರೆ ಅವನ ರಾಜ್ಯ. ನಾನು ಫೋನು ತೆಗೆದೆ. ಅತ್ತೆ ನನ್ನ ಕೈ ಹಿಡಿದಳು.

"ಸೊಸಿ, ಅವಗ ಹೇಳಬ್ಯಾಡ."

"ಹೇಳದಿದ್ರ ಹೆಂಗ ಅತ್ತಿ? ಮಗ ಅವನು!"

"ಅದಕ್ಕ ಹೇಳಬ್ಯಾಡ ಅನ್ನಾಕತ್ತೇನಿ. ನಾ ಅಂತ ಗೊತ್ತಾದ್ರ ಅಳಕೋತ ಕುಂದ್ರತಾನ, ಕೆಲಸ ಮಾಡೂದಿಲ್ಲ. ಹ್ಯಾಂಗೂ ಹೆಸರು ನೋಡೂದಿಲ್ಲಲ್ಲ ಅವ? ಹಂಗ ನೋಡಲಿ."

ಅವನನ್ನು ಬಿಟ್ಟರೆ ಆ ಕೆಲಸ ಬಲ್ಲವರು ಆ ದಿನ ಊರಲ್ಲಿರಲಿಲ್ಲ. ನಮ್ಮವರಿಗೇ ನಾನು ಚಾಕು ಹಾಕಬಾರದೆಂದು ಇನ್ನೊಬ್ಬ ಸರ್ಜನ್‌ಗೆ ಕರೆ ಹೋಗಿತ್ತು, ಬರಲು ಹೊತ್ತಾಗುತ್ತಿತ್ತು. ಟೆಕ್ನಿಷಿಯನ್‌ಗೆ ಕಣ್ಸನ್ನೆ ಮಾಡಿದೆ. ಸ್ಕ್ಯಾನ್ ಆಯಿತು. ನಾನು ಕತ್ತಲೆ ಕೋಣೆಗೆ ಹೋಗಿ ಅವನ ಹಿಂದೆ ನಿಂತೆ. ಬಿಳಿ ಪ್ಲಾಸ್ಟರಿನ ತುಂಡು ಅದರ ಜಾಗದಲ್ಲಿತ್ತು.

ಬೂದುಬಣ್ಣದ ಲಿವರ್ ಅಗಲವಾಗುತ್ತ ಬಂತು. ಬಲಭಾಗದಲ್ಲಿ ಆಳವಾದ ಕಪ್ಪು ಸೀಳು. ಸೀಳಿನ ತಳದಲ್ಲಿ ಒಂದು ಬಿಳಿ ಚುಕ್ಕೆ, ಮುಂದಿನ ಚಿತ್ರದಲ್ಲಿ ಅದು ಇನ್ನಷ್ಟು ಹರಡಿತ್ತು. "ಇಲ್ಲಿ ಒಡದದ ನೋಡು. ಇನ್ನೂ ಹರಿಯಾಕತ್ತದ. ಬಿ.ಪಿ.?" ಎಂದ.

"ನಿಂತದ."

"ಹಂಗಾದ್ರ ನಂದು. ತಯಾರ್ ಮಾಡಸು." ಏಳಬೇಕಾದವನು ಏಳಲಿಲ್ಲ. ಚಿತ್ರವನ್ನು ಹಿಂದಕ್ಕೆ ಸರಿಸಿ ಬೆನ್ನುಮೂಳೆಯ ಕಡೆ ನೋಡುತ್ತ ಕುಳಿತ. "ಮುದುಕಿ ಇರಬೇಕು. ಬೆನ್ನೆಲುಬು ನೋಡು, ಹೆಂಗ ಕುಸದಾವ. ಈಕಿ ಬಾಳ ಭಾರ ಹೊತ್ತಾಳ ಲೇ. ನೀರು ಹೊತ್ತಾಳ, ಮೇವು ಹೊತ್ತಾಳ. ಒಂದಿನಾನೂ ಯಾರೂ ಈಕಿಗೆ ಕುಂದ್ರು ಅಂದಿಲ್ಲ." ಚಿತ್ರವನ್ನು ಇನ್ನೊಮ್ಮೆ ಹಿಂದಕ್ಕೆ ಸರಿಸಿ, "ಈಕಿ ಮಕ್ಕಳು ಎಂಥವರು ಇರಬೇಕು!" ಎಂದ.

ಕತ್ತಲೆಯಿದ್ದದ್ದು ಒಳ್ಳೆಯದಾಯಿತು. ನನ್ನ ಮುಖ ಅವನಿಗೆ ಕಾಣಲಿಲ್ಲ. "ಜಲ್ದಿ ಬಾ" ಎಂದಷ್ಟೇ ಹೇಳಿ ಹೊರಗೆ ಬಂದೆ. ಎಷ್ಟೋ ಹೊಟ್ಟೆಗಳನ್ನು ತೆರೆದ ನನಗೆ ಅಂಥ ಭಯ ಹಿಂದೆಂದೂ ಆಗಿರಲಿಲ್ಲ.

ಅತ್ತೆಯನ್ನು ಟೇಬಲ್ಲಿನ ಮೇಲೆ ಮಲಗಿಸಿದರು. ಮುಖದ ಮುಂದೆ ಹಸಿರು ಬಟ್ಟೆಯ ತೆರೆ, ಮೈಮೇಲೆಲ್ಲ ಹಸಿರು ಬಟ್ಟೆ. ಹೊರಗೆ ಕಾಣುತ್ತಿದ್ದದ್ದು ಒಂದು ಮಣಿಕಟ್ಟು ಮಾತ್ರ. ಬಳೆ ತೆಗೆಸಿದ್ದರು. ಮಣಿಕಟ್ಟಿನ ಪಕ್ಕ ಮಾಸಿದ ಹಚ್ಚೆಯ ಒಂದು ತುದಿ ಬಟ್ಟೆಯಂಚಿನಿಂದ ಇಣುಕುತ್ತಿತ್ತು. ನಾನು ತೆರೆಯ ಆಚೆ ಬಗ್ಗಿ ನೋಡಿದೆ. ಅತ್ತೆಗೆ ಎಚ್ಚರವಿತ್ತು. ತುಟಿಗಳನ್ನು ಒಳಕ್ಕೆ ಕಚ್ಚಿ ಹಿಡಿದಿದ್ದಳು. ನಿಂಬರ್ಗಾದಲ್ಲಿ ಅವಳ ಮಾತು ಕೇಳದ ಮನೆಯಿಲ್ಲ. ಅಂಥವಳು ಮಗನಿಗೆ ದನಿಯ ಗುರುತು ಸಿಗಬಾರದೆಂದು ಬಾಯಿ ಮುಚ್ಚಿ ಮಲಗಿದ್ದಳು!

ಅವನು ಬಂದ. ಎಂದಿನಂತೆ ಸೂಜಿ ಚುಚ್ಚುವ ಮೊದಲು ಮಣಿಕಟ್ಟಿನ ನಾಡಿಯ ಮೇಲೆ ಬೆರಳಿಟ್ಟು ಕಣ್ಣು ಮುಚ್ಚಿದ. ಇದು ಅವನ ಪದ್ಧತಿ. ಆ ದಿನ ಯಾಕೋ ತೆರೆಯಲಿಲ್ಲ. ಯಂತ್ರದ ಗುನುಗು ಬಿಟ್ಟರೆ ಎಲ್ಲ ನಿಶ್ಶಬ್ದ. ನಿದ್ದೆ ಹೋದನೇ? "ಏ, ಎಚ್ಚರ ಇದ್ದೀಯೇನು?" ಎಂದು ಗದರಿದೆ. "ಹೂಂ" ಎಂದ. ಸೂಜಿ ಚುಚ್ಚಿದ. ಕೈ ಸ್ಥಿರವಾಗಿತ್ತು.

ಪರದೆಯ ಮೇಲೆ ನಳಿಗೆ ತೋಳಿನಿಂದ ಎದೆಗೆ, ಎದೆಯಿಂದ ಹೊಟ್ಟೆಗೆ ಇಳಿಯಿತು. ಬಣ್ಣದ ದ್ರವ ಬಿಟ್ಟಾಗ ಲಿವರಿನ ರಕ್ತನಾಳಗಳೆಲ್ಲ ಒಮ್ಮೆ ಮೂಡಿ ಮಾಯವಾದವು, ಕವಲು, ಕವಲಿಗೆ ಕವಲು. ತುದಿಯಲ್ಲಿ ಆ ಚುಕ್ಕೆ. ಅವನು ಒಂದೊಂದೇ ಕವಲು ದಾಟುತ್ತ ಹೋದ. ನಾನೂ ಅವನ ಕನಸಿನೊಳಗೇ ನಡೆಯುತ್ತಿದ್ದೇನೆ ಎನ್ನಿಸುತ್ತಿತ್ತು.

ಆಗ ಬಿ.ಪಿ. ಇಳಿಯತೊಡಗಿತು.

ಇನ್ನೊಂದು ರಕ್ತದ ಚೀಲ ಹತ್ತಿಸಿದೆವು. ಇಳಿಯುತ್ತಲೇ ಇತ್ತು. ನಾನು ಚಾಕುವಿನ ಟ್ರೇ ಹತ್ತಿರಕ್ಕೆ ಎಳೆದುಕೊಂಡೆ. "ಸರೀತಿಯೇನು?" ಎಂದೆ.

"ಬಾಗಲದಾಗ ಅದೇನಿ. ನಿನ್ನ ಕೈ ತಯಾರ್ ಇರಲಿ" ಎಂದ. ಪರದೆಯಿಂದ ಕಣ್ಣು ತೆಗೆಯಲಿಲ್ಲ.

ಕೂದಲಿನಂಥ ನಳಿಗೆಯ ತುದಿಯಿಂದ ಒಂದು ಸಣ್ಣ ತಂತಿಯ ಸುರುಳಿ ಹೊರಬಂದು ಮಡಚಿಕೊಂಡು ಕುಳಿತಿತು. ಅದರ ಪಕ್ಕದಲ್ಲಿ ಇನ್ನೊಂದು. ಮತ್ತೆ ಬಣ್ಣ ಬಿಟ್ಟ. ಎಲ್ಲ ಕವಲುಗಳೂ ಮೂಡಿದವು. ಚುಕ್ಕೆ ಮೂಡಲಿಲ್ಲ. ಬಿ.ಪಿ. ಅಲ್ಲೇ ತಡೆದು ನಿಂತಿತು, ಆಮೇಲೆ ಅಂಬೆಗಾಲಿಡುವ ಕೂಸಿನ ಹಾಗೆ ಮೆಲ್ಲಮೆಲ್ಲಗೆ ಏರಿತು. ನಾನು ಟ್ರೇಯನ್ನು ದೂರ ತಳ್ಳಿದೆ. ಕಣ್ಣೀರು ಮಾಸ್ಕಿನೊಳಗೆ ಇಳಿಯುತ್ತಿತ್ತು.

ಅವನು ನಳಿಗೆ ಹೊರತೆಗೆದು, ಮಣಿಕಟ್ಟಿನ ಗಾಯದ ಮೇಲೆ ತನ್ನ ಹೆಬ್ಬೆರಳು ಒತ್ತಿ ಹಿಡಿದ. ಅದು ಅವನ ಕೆಲಸವಲ್ಲ. ಅದಕ್ಕೊಂದು ಪಟ್ಟಿಯಿದೆ, ಟೆಕ್ನಿಷಿಯನ್ ಬಿಗಿಯುತ್ತಾನೆ. "ಕೊಡ್ರಿ ಸರ, ಪಟ್ಟಿ ಹಾಕ್ತೇನಿ" ಎಂದು ಟೆಕ್ನಿಷಿಯನ್ ಕೈ ಚಾಚಿದ. ಅವನು ತಲೆಯಾಡಿಸಿ, ಕಾಲಿನಿಂದ ಸ್ಟೂಲು ಎಳೆದುಕೊಂಡು ಕುಳಿತುಬಿಟ್ಟ.

ಹಸಿರು ತೆರೆಯ ಆಚೆಯಿಂದ ಸಣ್ಣ ದನಿ ಬಂತು. "ಮುಗೀತೇನೋ?"

"ಮುಗೀತ ಬೇ ಅವ್ವ."

ನಾನು ಬೆಚ್ಚಿಬಿದ್ದೆ. ಅತ್ತೆ ತೆರೆಯ ಕಡೆ ಮುಖ ಹೊರಳಿಸಿದಳು. "ಯಾವಾಗ ಗೊತ್ತಾತ?" ಎಂದಳು.

"ಕೈ ಹಿಡದಾಗ."

"ಮತ್ತ ಅಳಲಿಲ್ಲಲ್ಲ?"

"ನೀ ಬಾಯಿ ಮುಚಗೊಂಡ್ ಮಲಗಿದ್ದೆಲ್ಲ. ನಾ ಅತ್ತಿದ್ರ ನನಗ ಗುರ್ತು ಸಿಕ್ಕದ ಅಂತ ನಿನಗ ಗೊತ್ತಾಗ್ತಿತ್ತು."

ಮಾಸ್ಕಿನ ಮೇಲೆ ಅವನ ಕಣ್ಣು ಕಾಣುತ್ತಿದ್ದವು, ಕನ್ನಡಕವಿಲ್ಲದ ಕಣ್ಣು. ತುಂಬಿ ಹರಿಯುತ್ತಿದ್ದವು. ಅವನು ಅವನ್ನು ಒರೆಸಿಕೊಳ್ಳಲಿಲ್ಲ, ಕೈ ಬಿಡುವ ಹಾಗಿರಲಿಲ್ಲವಲ್ಲ.

"ಕೈ ಜೋಂಪು ಹಿಡೀತೋ" ಎಂದಳು ಅತ್ತೆ. "ಇನ್ನ ಎಷ್ಟೊತ್ತು ಹಿಡಕೊಂಡ್ ಕುಂದ್ರತಿ?"

"ರಕ್ತ ನಿಂದ್ರೂ ತನಾ ಬೇ."

ರಕ್ತ ನಿಂತು ಬಹಳ ಹೊತ್ತಾಗಿತ್ತು. ನಾನು ಸರ್ಜನ್, ನನಗೆ ಅದು ಗೊತ್ತಾಗುತ್ತದೆ. ನಾನು ಹೇಳಲಿಲ್ಲ.